ಇನಿಷಿಯಲ್ ತಂದ ಇಕ್ಕಟ್ಟು

ಅಂಕಪಟ್ಟಿಯಲ್ಲಿ ‘ಕಾವ್ಯ ಎಂ.’, ಆಧಾರ್‌ನಲ್ಲಿ ‘ಕಾವ್ಯಾ ಮಂಜುನಾಥ್’. ನಮಗೆ ಎರಡೂ ಒಬ್ಬಳೇ ಹುಡುಗಿ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೆ ಹಾಗಲ್ಲ, ಅರ್ಜಿ ಅಲ್ಲೇ ನಿಂತುಬಿಡಬಹುದು. ಹಾಗಂತ ಗಾಬರಿಯಿಂದ ಸೈಬರ್ ಸೆಂಟರಿಗೆ ಓಡಿ ಅವರು ಹೇಳಿದಂತೆ ತಿದ್ದಿಸಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ, ಜನ್ಮದಿನಾಂಕಕ್ಕಂತೂ ಒಂದೇ ಸಲ!

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸರಿಯಿದ್ದರೆ ಅದನ್ನೇ ಮೂಲವೆಂದು ಹಿಡಿದು, ಅಕ್ಷರಕ್ಕಕ್ಷರ ಹೋಲಿಸಿ ಆಧಾರ್ ತಿದ್ದಿಸಿ. ನಾಳೆ ಪಾಸ್‌ಪೋರ್ಟ್, ಕೆಲಸ ಅಂದಾಗಲೂ ಕೇಳೋದು ಅದನ್ನೇ ತಾನೆ? ತಪ್ಪು ಅಂಕಪಟ್ಟಿಯಲ್ಲೇ ಇದ್ದರೆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ನಿಧಾನದ ಕೆಲಸ, ಈಗಲೇ ಶುರು ಮಾಡಿ.

ಅಂದ ಹಾಗೆ, ಹಣ ಜಮೆಯಾಗೋದು ಆಧಾರ್ ಜೋಡಣೆಯಾದ ಖಾತೆಗೆ. ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ ಬನ್ನಿ. ನಿಮ್ಮ ಖಾತೆಯಲ್ಲ, ಮಗಳದು.