ಮೆಸ್ಸೀಯ ಬಂದಾಯ್ತಾ, ಇನ್ನೂ ಬರಬೇಕಾ?

ಯೇಸು ಹುಟ್ಟಿನಿಂದ ಯಹೂದಿ. ತಾಯಿ ಮರಿಯ ಯಹೂದಿ, ಹನ್ನೆರಡು ಜನ ಶಿಷ್ಯರೂ ಯಹೂದಿಗಳೇ. ಆತ ಓದಿದ್ದು ಹೀಬ್ರೂ ಗ್ರಂಥ, ಹೋಗುತ್ತಿದ್ದದ್ದು ಸಿನಗಾಗ್‌ಗೆ, ಆಚರಿಸಿದ್ದು ಪಾಸ್ಕ ಹಬ್ಬ. ಹಾಗಿದ್ದ ಮೇಲೆ ಯಹೂದಿಗಳು ಅವನನ್ನು ಯಾಕೆ ಒಪ್ಪಲಿಲ್ಲ?

ಡಿಸೆಂಬರ್‌ನಲ್ಲಿ ಪ್ಲಮ್ ಕೇಕ್ ತಿನ್ನುವಾಗ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳ್ತಾರೆ. "ಅವರೇ ತಾನೇ ಕೊಂದಿದ್ದು" ಅಂತ ಇನ್ನೊಬ್ಬರು ಉತ್ತರ ಕೊಟ್ಟು ಮುಗಿಸ್ತಾರೆ. ಆ ಉತ್ತರ ಬಿಟ್ಟುಬಿಡಿ. ಶಿಲುಬೆ ರೋಮನ್ನರ ಶಿಕ್ಷೆ, ಆದೇಶ ಕೊಟ್ಟವನು ರೋಮನ್ ಅಧಿಕಾರಿ ಪಿಲಾತ. ಆ ಸಾವಿನ ಹೊಣೆಯನ್ನು ಇಡೀ ಯಹೂದಿ ಜನಾಂಗದ ಮೇಲೆ ಹೊರಿಸುವುದು ತಪ್ಪು ಅಂತ ಕ್ಯಾಥೊಲಿಕ್ ಚರ್ಚೇ 1965ರಲ್ಲಿ, ಎರಡನೇ ವ್ಯಾಟಿಕನ್ ಸಭೆಯಲ್ಲಿ, ಅಧಿಕೃತವಾಗಿ ಹೇಳಿತು. ಹೇಳೋಕೆ ಅಷ್ಟು ಶತಮಾನ ಯಾಕೆ ಬೇಕಾಯ್ತು ಅನ್ನೋದು ಬೇರೆ ಮಾತು.

ಪ್ರಶ್ನೆ ಮಾತ್ರ ಒಳ್ಳೆಯದೇ. ಅದಕ್ಕೆ ಉತ್ತರ ಹುಡುಕೋಕೆ ಮೊದಲು ಒಂದು ಪದ ಸರಿಯಾಗಿ ಅರ್ಥವಾಗಬೇಕು.

'ಮೆಸ್ಸೀಯ' ಅಂದರೆ ದೇವರು ಅಂತಲ್ಲ, ರಕ್ಷಕ ಅಂತಲೂ ಅಲ್ಲ. ಹೀಬ್ರೂವಿನ 'ಮಾಷಿಯಾಖ್' ಅಂದರೆ ಎಣ್ಣೆ ಹಚ್ಚಿಸಿಕೊಂಡವನು, ಅಷ್ಟೇ. ನಮಗೆ ಇದು ಸುಲಭವಾಗಿ ಅರ್ಥವಾಗುತ್ತೆ. ನಮ್ಮಲ್ಲಿ ರಾಜನಾಗಬೇಕಾದರೆ ಪಟ್ಟಾಭಿಷೇಕ ಆಗಬೇಕಿತ್ತಲ್ಲ, ಅಲ್ಲಿ ಅದು ಎಣ್ಣೆಯಲ್ಲಿ ಆಗುತ್ತಿತ್ತು. ಕನ್ನಡ ಬೈಬಲ್‌ನಲ್ಲಿ ಬರುವ 'ಅಭಿಷಿಕ್ತ' ಅನ್ನೋ ಪದ ಅದಕ್ಕೇ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ರಾಜ ಸೌಲ ಅಭಿಷಿಕ್ತ, ರಾಜ ದಾವೀದ ಅಭಿಷಿಕ್ತ, ಮಹಾಯಾಜಕನೂ ಅಭಿಷಿಕ್ತ. ತಮಾಷೆ ಅಂದರೆ ಪರ್ಷಿಯಾದ ಚಕ್ರವರ್ತಿ ಸೈರಸ್ ಯಹೂದಿಯೇ ಅಲ್ಲ, ಆದರೂ ಯೆಶಾಯನ ಗ್ರಂಥ ಅವನನ್ನೂ ಅಭಿಷಿಕ್ತ ಅಂತ ಕರೆಯುತ್ತೆ. ಬ್ಯಾಬಿಲೋನ್‌ನಲ್ಲಿ ಸೆರೆಯಾಗಿದ್ದ ಯಹೂದಿಗಳನ್ನು ಊರಿಗೆ ಕಳಿಸಿದ ಪುಣ್ಯಾತ್ಮ ಅವನು. ಈ ಪದವನ್ನು ಗ್ರೀಕ್‌ಗೆ ತಿರುಗಿಸಿದಾಗ ಆದದ್ದು 'ಕ್ರಿಸ್ತೋಸ್'. ಅಂದರೆ ಯೇಸು ಕ್ರಿಸ್ತ ಅನ್ನೋದರಲ್ಲಿ ಕ್ರಿಸ್ತ ಸರ್‌ನೇಮ್ ಅಲ್ಲ, ಡೆಸಿಗ್ನೇಷನ್.

ಈಗ ಬಾರ್ಸಿಲೋನಾಗೆ ಹೋಗೋಣ. ಫುಟ್‌ಬಾಲ್‌ಗಲ್ಲ, 1263ರ ಜುಲೈಗೆ.

ಅರಗಾನ್ ದೇಶದ ರಾಜ ಒಂದನೇ ಜೇಮ್ಸ್‌ನ ಅರಮನೆ. ಮಯೋರ್ಕ, ವೆಲೆನ್ಸಿಯಾ ಗೆದ್ದು 'ವಿಜೇತ' ಅನ್ನಿಸಿಕೊಂಡಿದ್ದ ರಾಜ. ಒಂದು ಕಡೆ ಪಾಬ್ಲೊ ಕ್ರಿಸ್ಟಿಯಾನಿ. ಇವನು ಹುಟ್ಟಿದ್ದು ಯಹೂದಿಯಾಗಿ, ಆಮೇಲೆ ಕ್ರೈಸ್ತನಾಗಿ ಡೊಮಿನಿಕನ್ ಸನ್ಯಾಸಿಯಾದವನು. ಬೆನ್ನ ಹಿಂದೆ ರೇಮಂಡ್ ಆಫ್ ಪೆನ್ಯಾಫೋರ್ಟ್‌ನಂಥ ಘಟಾನುಘಟಿ. ಇನ್ನೊಂದು ಕಡೆ ಜಿರೋನಾ ಊರಿನ ರಬ್ಬಿ ಮೋಶೆ ಬೆನ್ ನಹ್ಮಾನ್, ಸುಮಾರು 69ರ ಮುದುಕ, ವೈದ್ಯ, ಟೋರಾಗೆ ದೊಡ್ಡ ಭಾಷ್ಯ ಬರೆದವನು. ಯಹೂದಿಗಳು ಪ್ರೀತಿಯಿಂದ 'ರಂಬಾನ್' ಅಂತಾರೆ. ವಾದ ಮಾಡಬೇಕಾದ ವಿಷಯ ಮೊದಲೇ ನಿಗದಿಯಾಗಿತ್ತು: ಮೆಸ್ಸೀಯ ಬಂದಾಯಿತೇ? ಅವನು ದೇವರೋ, ಮನುಷ್ಯನೋ? ಯಾರ ಧರ್ಮ ನಿಜ?

ಇದು ಸಮಬಲದ ಚರ್ಚೆ ಅಂತ ಅಂದುಕೊಳ್ಳಬೇಡಿ. ಬರಲ್ಲ ಅನ್ನೋ ಆಯ್ಕೆ ರಂಬಾನ್‌ಗೆ ಇರಲಿಲ್ಲ, ರಾಜನ ಆಜ್ಞೆ. ಗೆದ್ದರೂ ಕಷ್ಟ, ಸೋತರೂ ಕಷ್ಟ. ಇಪ್ಪತ್ತು ವರ್ಷ ಹಿಂದಷ್ಟೇ ಪ್ಯಾರಿಸ್‌ನಲ್ಲಿ ಇಂಥದೇ ಒಂದು ವಿಚಾರಣೆ ನಡೆದು, ಆಮೇಲೆ ತಾಲ್ಮುಡ್‌ನ ಹಸ್ತಪ್ರತಿಗಳನ್ನು ಗಾಡಿಗಟ್ಟಲೆ ತಂದು ಸುಟ್ಟಿದ್ದರು. ರಂಬಾನ್ ರಾಜನ ಹತ್ತಿರ ಕೇಳಿದ್ದು ಒಂದೇ: ಬಾಯಿಬಿಟ್ಟು ಮಾತಾಡೋಕೆ ಅನುಮತಿ ಕೊಡಿ. ಸಿಕ್ಕಿತು.

ಪಾಬ್ಲೊ ತಂದ ತಂತ್ರ ಹೊಸದು. ಪ್ಯಾರಿಸ್‌ನಲ್ಲಿ ತಾಲ್ಮುಡ್ ಕೆಟ್ಟದ್ದು ಅಂತ ವಾದ ಆಗಿತ್ತು. ಇವನು, ಇಲ್ಲ, ತಾಲ್ಮುಡ್ ಸರಿಯಾಗೇ ಇದೆ, ನಿಮ್ಮ ಪುಸ್ತಕವೇ ಮೆಸ್ಸೀಯ ಬಂದಿದ್ದಾನೆ ಅಂತ ಹೇಳುತ್ತೆ, ನೀವೇ ಓದಿಲ್ಲ ಅಂದ. ಯೋಚಿಸಿ, ನೀವು ಬರೆದ ಕೋಡನ್ನೇ ತೋರಿಸಿ ನಿಮ್ಮ ಬಗ್ ಸಾಬೀತು ಮಾಡ್ತೀನಿ ಅನ್ನೋ ಥರ. ಅವನು ಎತ್ತಿಕೊಂಡ ಒಂದು ಕಥೆ ಹೀಗಿದೆ: ಜೆರುಸಲೇಮಿನ ದೇವಾಲಯ ನಾಶವಾದ ದಿನವೇ ಮೆಸ್ಸೀಯ ಹುಟ್ಟಿದ. ಆ ದೇವಾಲಯವನ್ನು ರೋಮನ್ನರು ಕೆಡವಿದ್ದು ಕ್ರಿಸ್ತಶಕ 70ರಲ್ಲಿ. ಅಲ್ಲಿಗೆ ಮೆಸ್ಸೀಯ ಬಂದಾಯಿತಲ್ಲ?

ರಂಬಾನ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಈ ಕಥೆಯನ್ನು ಅಕ್ಷರಶಃ ನಂಬಲೇಬೇಕು ಅಂತ ನಾನು ಒಪ್ಪಲ್ಲ, ಆದರೂ ವಾದಕ್ಕೆ ನಂಬೋಣ ಅಂದ. ಆಗ ಅದು ನನ್ನ ಪರವಾಗೇ ಇದೆ. ಯಾಕಂದರೆ ಯೇಸು ಹುಟ್ಟಿದ್ದೂ ಸತ್ತಿದ್ದೂ ದೇವಾಲಯ ಬೀಳೋಕೆ ಎಷ್ಟೋ ವರ್ಷ ಮುಂಚೆ. ಅಂದಮೇಲೆ ಆ ದಿನ ಹುಟ್ಟಿದವನು ಬೇರೆ ಯಾರೋ! ಜೊತೆಗೆ, ಹುಟ್ಟುವುದು ಬೇರೆ, ಬರುವುದು ಬೇರೆ. ಮೋಶೆ ಹುಟ್ಟಿದ ದಿನವೇ ಈಜಿಪ್ಟಿನಿಂದ ಬಿಡುಗಡೆ ಆಗಲಿಲ್ಲ. ಅವನು ಫರೋಹನ ಎದುರು ಹೋಗಿ ನಿಂತಾಗ 'ಬಂದ'. ಅರಮನೆಯಲ್ಲಿ ಕೂತಿದ್ದವರು ಒಂದು ಸೆಕೆಂಡ್ ಸುಮ್ಮನಾಗಿರಬೇಕು ಅಂತ ನನ್ನ ಊಹೆ.

ಅವನ ದೊಡ್ಡ ವಾದ ಇದು: ತಾಲ್ಮುಡ್‌ನಲ್ಲಿ ಎರಡು ಥರದ ಮಾತುಗಳಿವೆ. ಒಂದು ಕಾನೂನು, ಅದನ್ನು ಪಾಲಿಸಲೇಬೇಕು. ಇನ್ನೊಂದು ಕಥೆ, ಉಪದೇಶ, 'ಅಗ್ಗಾದಾ'. ಅದು ಬಿಷಪ್ಪರು ಎದ್ದು ನಿಂತು ಮಾಡಿದ ಪ್ರವಚನವನ್ನು ಯಾರೋ ಇಷ್ಟಪಟ್ಟು ಬರೆದಿಟ್ಟುಕೊಂಡ ಹಾಗೆ. ನಂಬಿದರೆ ಸಂತೋಷ, ನಂಬದಿದ್ದರೆ ದೋಷವಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ರನ್ ಆಗೋದು ಕೋಡ್, ಕಾಮೆಂಟ್ ಅಲ್ಲ. ಇಲ್ಲೊಂದು ಸಣ್ಣ ಗುಟ್ಟಿದೆ. ಇದೇ ರಂಬಾನ್ ತನ್ನ ಭಾಷ್ಯದಲ್ಲಿ ಈ ಅಗ್ಗಾದಾ ಕಥೆಗಳನ್ನು ತುಂಬಾ ಗಂಭೀರವಾಗಿ ತಗೊಳ್ತಾನೆ. ಹಾಗಾಗಿ ಅವನು ಅಂದು ಹೇಳಿದ್ದು ಮನಸ್ಸಿನ ಮಾತೋ, ತಪ್ಪಿಸಿಕೊಳ್ಳುವ ದಾರಿಯೋ ಅಂತ ವಿದ್ವಾಂಸರು ಇವತ್ತಿಗೂ ಜಗಳಾಡ್ತಾರೆ. ಎರಡೂ ಸ್ವಲ್ಪ ಸ್ವಲ್ಪ ಇತ್ತು ಅಂತ ನನಗನ್ನಿಸುತ್ತೆ.

ಆಮೇಲೆ ಅವನು ರಾಜನ ಕಡೆಗೇ ತಿರುಗಿದ. ಮೆಸ್ಸೀಯ ಬಂದರೆ ಜನ ಕತ್ತಿಗಳನ್ನು ಬಡಿದು ನೇಗಿಲು ಮಾಡಿಕೊಳ್ತಾರೆ, ಯುದ್ಧವಿದ್ಯೆ ಕಲಿಯೋದೇ ನಿಲ್ಲುತ್ತೆ ಅಂತ ಯೆಶಾಯ ಹೇಳಿದ್ದ. ಯೇಸುವಿನ ಕಾಲದಿಂದ ಇವತ್ತಿನವರೆಗೆ ಲೋಕದಲ್ಲಿ ಹಿಂಸೆ ಕಡಿಮೆಯಾಗಿದೆಯೇ? ಪ್ರಭುಗಳೇ, ಯುದ್ಧ ನಿಂತರೆ ನಿಮಗೂ ನಿಮ್ಮ ಈ ಸರದಾರರಿಗೂ ಎಷ್ಟು ಕಷ್ಟ ಆಗುತ್ತೆ! 'ವಿಜೇತ' ಅಂತ ಬಿರುದಿರುವ ರಾಜನ ಎದುರು ನಿಂತು ಈ ಮಾತು ಹೇಳೋಕೆ ಎಂಟೆದೆ ಬೇಕು.

ಇದಕ್ಕೆ ಕ್ರೈಸ್ತರ ಉತ್ತರ ಸುಮ್ಮನೆ ಅಲ್ಲ. ಮೆಸ್ಸೀಯ ಎರಡು ಸಲ ಬರ್ತಾನೆ ಅನ್ನೋದು ಅವರ ನಂಬಿಕೆ. ಮೊದಲು ಬಂದದ್ದು ನೋವು ಉಣ್ಣೋಕೆ, ಜನರ ಪಾಪ ಹೊರೋಕೆ. ಎರಡನೇ ಸಲ ಬರೋದು ಆಳೋಕೆ. ಯೆಶಾಯನ 53ನೇ ಅಧ್ಯಾಯದಲ್ಲಿ ಒಬ್ಬ ಸೇವಕ ಬರ್ತಾನೆ, ತಿರಸ್ಕಾರ ಅನುಭವಿಸಿ, ಬೇರೆಯವರ ತಪ್ಪಿಗಾಗಿ ಪೆಟ್ಟು ತಿನ್ನೋನು. ಕ್ರೈಸ್ತರು ಅದನ್ನು ಓದಿದರೆ ಶಿಲುಬೆ ಕಣ್ಣಮುಂದೆ ಬರುತ್ತೆ, ಬಾರದೆ ಇರೋದು ಕಷ್ಟ. ಹೆಚ್ಚಿನ ಯಹೂದಿ ಭಾಷ್ಯಕಾರರು ಆ ಸೇವಕ ಅಂದರೆ ಕಷ್ಟಪಟ್ಟ ಇಸ್ರಾಯೇಲ್ ಜನಾಂಗವೇ ಅಂತಾರೆ. ಅದೇ ಸಾಲುಗಳು, ಅದೇ ಅಕ್ಷರ. ಸೋತು ಸತ್ತ ಮೆಸ್ಸೀಯ ಅನ್ನೋದು ಯಹೂದಿಗಳಿಗೆ ಎಡವುಗಲ್ಲು ಅಂತ ಮೊದಲ ತಲೆಮಾರಿನ ಪೌಲನೇ ಒಪ್ಪಿಕೊಂಡಿದ್ದ.

ಆದರೆ ರಂಬಾನ್ ಪ್ರಕಾರ ಇದ್ಯಾವುದೂ ಮುಖ್ಯ ಜಗಳವೇ ಅಲ್ಲ! ಮೆಸ್ಸೀಯ ನಮ್ಮ ಧರ್ಮದ ಬುಡ ಅಲ್ಲ ಅಂದುಬಿಟ್ಟ. ಮಹಾರಾಜರೇ, ನನಗೆ ಮೆಸ್ಸೀಯನಿಗಿಂತ ನೀವೇ ಬೆಲೆಯುಳ್ಳವರು. ನೀವೂ ರಾಜ, ಅವನೂ ರಾಜ, ಇಬ್ಬರೂ ರಕ್ತಮಾಂಸದವರು. ನಿಮ್ಮ ಕೈಕೆಳಗೆ, ಪರದೇಶದಲ್ಲಿ, ಅವಮಾನ ಸಹಿಸಿಕೊಂಡು ದೇವರ ಸೇವೆ ಮಾಡಿದರೆ ನನಗೆ ಹೆಚ್ಚು ಫಲ. ನಮ್ಮ ನಿಮ್ಮ ನಡುವಿನ ನಿಜವಾದ ಜಗಳ ಬೇರೆಯದು. ಆಕಾಶ ಭೂಮಿಯನ್ನು ಸೃಷ್ಟಿಸಿದವನು ಒಬ್ಬ ಹೆಣ್ಣಿನ ಗರ್ಭದಲ್ಲಿ ಬೆಳೆದು, ಹುಟ್ಟಿ, ಶತ್ರುಗಳ ಕೈಗೆ ಸಿಕ್ಕು ಸತ್ತ ಅನ್ನೋದನ್ನು ನನ್ನ ಬುದ್ಧಿ ಒಪ್ಪಲ್ಲ. ನೀವು ಚಿಕ್ಕಂದಿನಿಂದ ಪಾದ್ರಿಗಳ ಬಾಯಲ್ಲಿ ಕೇಳಿ ಕೇಳಿ ಒಪ್ಪಿದ್ದೀರಿ.

ಈ ಮಾತು ಎಷ್ಟು ಆಳದ್ದು ಅಂತ ಯಹೂದಿ ಇತಿಹಾಸ ನೋಡಿದರೆ ಗೊತ್ತಾಗುತ್ತೆ. ಕ್ರಿಸ್ತಶಕ 132ರಲ್ಲಿ ಬಾರ್ ಕೊಖ್ಬಾ ಅನ್ನೋನು ರೋಮ್ ವಿರುದ್ಧ ದಂಗೆ ಎದ್ದಾಗ ಮಹಾಪಂಡಿತ ರಬ್ಬಿ ಅಕಿವಾ ಅವನೇ ಮೆಸ್ಸೀಯ ಅಂದ. ಮೂರು ವರ್ಷದಲ್ಲಿ ದಂಗೆ ಮುಗೀತು, ಬಾರ್ ಕೊಖ್ಬಾ ಸತ್ತ. ಅಕಿವಾ ಹೇಳಿದ್ದು ತಪ್ಪಾಯಿತು, ಆದರೆ ಅದಕ್ಕಾಗಿ ಅವನನ್ನು ಯಾರೂ ಧರ್ಮಭ್ರಷ್ಟ ಅನ್ನಲಿಲ್ಲ. ಇವತ್ತಿಗೂ ಅವನು ದೊಡ್ಡ ಗುರು. 12ನೇ ಶತಮಾನದ ಮೈಮೋನಿಡೀಸ್ ಇದೇ ಉದಾಹರಣೆ ತಗೊಂಡು, ಮೆಸ್ಸೀಯ ಪವಾಡ ಮಾಡಬೇಕಾಗಿಲ್ಲ, ದಾವೀದನ ವಂಶದ ರಾಜ ಆಗಿರಬೇಕು, ದೇವಾಲಯ ಕಟ್ಟಬೇಕು, ಚದುರಿದ ಜನರನ್ನು ಸೇರಿಸಬೇಕು ಅಂತ ಬರೆದ. ಪಕ್ಕಾ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್! ಅವನ ಪ್ರಕಾರ ಮೆಸ್ಸೀಯನೂ ಒಂದು ದಿನ ಸಾಯ್ತಾನೆ, ಮಗ ಪಟ್ಟಕ್ಕೆ ಬರ್ತಾನೆ. 1994ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ ಲುಬಾವಿಚ್ ಪಂಥದ ಗುರುವೇ ಮೆಸ್ಸೀಯ ಅಂತ ಈಗಲೂ ನಂಬುವ ಯಹೂದಿಗಳಿದ್ದಾರೆ. ಉಳಿದವರು ತಲೆ ಅಲ್ಲಾಡಿಸಿ ಬೇಜಾರು ಮಾಡ್ಕೊಳ್ತಾರೆ, ಆದರೆ ಹೆಚ್ಚಿನವರು ಅವರನ್ನು ಸಮುದಾಯದಿಂದ ಆಚೆ ಹಾಕಿಲ್ಲ. ಮನುಷ್ಯನನ್ನು ದೇವರು ಅಂದರೆ ಮಾತ್ರ ಗೆರೆ ದಾಟಿದ ಹಾಗೆ.

ನಮಗೆ ಇದು ವಿಚಿತ್ರ ಅನ್ನಿಸುತ್ತೆ. ರಾಮ ಬಂದ, ಕೃಷ್ಣ ಬಂದ, ಯೇಸು ಬಂದರೆ ಏನಂತೆ, ಅವತಾರ ತಾನೇ ಅಂತೀವಿ. ದೇವರ ಮನೆಯಲ್ಲಿ ಇನ್ನೊಂದು ಫೋಟೊ ಇಟ್ಟರಾಯ್ತು. ನಮ್ಮ ಈ ಧಾರಾಳ ಇಬ್ಬರಿಗೂ ಒಪ್ಪಿಗೆಯಾಗಲ್ಲ ಅನ್ನೋದು ಗಮನಿಸಬೇಕು. ಕ್ರೈಸ್ತರಿಗೆ ಇದು ಹತ್ತರಲ್ಲಿ ಒಂದು ಅವತಾರ ಅಲ್ಲ; ಒಂದೇ ಸಲ ಆದದ್ದು, ಮತ್ತೆ ಆಗದ್ದು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಮಗ ತಂದೆಯಷ್ಟೇ ದೇವರು ಅಂದರು. 451ರಲ್ಲಿ ಚಾಲ್ಸೆಡನ್‌ನಲ್ಲಿ ಸೇರಿದವರು ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡೂ ಒಂದರಲ್ಲೊಂದು ಕರಗಿಲ್ಲ, ಬೇರೆಯೂ ಆಗಿಲ್ಲ ಅಂತ ಬರೆದರು. ವೇಷ ಹಾಕಿಕೊಂಡು ಬಂದ ದೇವರಲ್ಲ. ಹಸಿವು, ಬಾಯಾರಿಕೆ, ಸಾವು ಎಲ್ಲಾ ನಿಜವಾಗಿ ಅನುಭವಿಸಿದವನು. ಮನುಷ್ಯನ ಕಷ್ಟಕ್ಕೆ ದೇವರೇ ಇಳಿದು ಬಂದ ಅನ್ನೋದರಲ್ಲೇ ಒಬ್ಬ ಕ್ರೈಸ್ತನಿಗೆ ಸಮಾಧಾನ ಸಿಗುತ್ತೆ. ಯಹೂದಿಗೆ ಅದೇ ಜಾಗದಲ್ಲಿ ಗಾಬರಿ. ದೇವರು ಒಬ್ಬನೇ, ಅವನಿಗೆ ರೂಪ ಇಲ್ಲ ಅಂತ ಹೇಳಿ ಪ್ರಾಣ ಬಿಟ್ಟ ಎಷ್ಟೋ ತಲೆಮಾರು ಅವನ ಹಿಂದೆ ನಿಂತಿದೆ.

ಚರ್ಚೆ ನಾಲ್ಕು ದಿನ ನಡೆದು ನಿಂತಿತು. ಮೀಟಿಂಗ್ ಮುಗಿದ ಮೇಲೆ ಎರಡು ಟೀಮ್‌ಗಳು ಬೇರೆ ಬೇರೆ ಮಿನಿಟ್ಸ್ ಕಳಿಸುವ ಹಾಗೆ ಇಲ್ಲೂ ಎರಡು ವರದಿಗಳಿವೆ. ಲ್ಯಾಟಿನ್ ವರದಿಯಲ್ಲಿ ರಂಬಾನ್ ಉತ್ತರ ಸಿಗದೆ ಊರು ಬಿಟ್ಟು ಜಾರಿಕೊಂಡ. ಹೀಬ್ರೂ ವರದಿಯನ್ನು ಬರೆದವನು ರಂಬಾನೇ. ಅದರಲ್ಲಿ ತಪ್ಪು ಪಕ್ಷದವನು ಇಷ್ಟು ಚೆನ್ನಾಗಿ ವಾದಿಸಿದ್ದನ್ನು ನೋಡೇ ಇರಲಿಲ್ಲ ಅಂತ ರಾಜ ಮೆಚ್ಚಿ, 300 ದಿನಾರ್ ಕೊಟ್ಟು ಕಳಿಸಿದ. ಇಬ್ಬರೂ ತಮ್ಮ ತಮ್ಮ ಪರ ಸ್ವಲ್ಪ ಎಳೆದಿದ್ದಾರೆ ಅನ್ನೋದಂತೂ ಖಂಡಿತ. ನಡುವೆ ಒಂದು ಶನಿವಾರ ರಾಜನೇ ಸಿನಗಾಗ್‌ಗೆ ಹೋಗಿ ಉಪದೇಶ ಮಾಡಿದ, ರಂಬಾನ್ ಅಲ್ಲೂ ಎದ್ದು ನಿಂತು ಉತ್ತರ ಕೊಟ್ಟ.

ಅರಮನೆಯಲ್ಲಿ ಹೇಳಿದ್ದು ಅರಮನೆಯಲ್ಲಿ ಉಳಿದಿದ್ದರೆ ಸರಿಹೋಗುತ್ತಿತ್ತು. ಅವನು ಅದನ್ನು ಪುಸ್ತಕ ಮಾಡಿದ. 1265ರಲ್ಲಿ ಡೊಮಿನಿಕನ್ನರು ದೈವನಿಂದೆಯ ದೂರು ಕೊಟ್ಟರು. ಬರೆದದ್ದೆಲ್ಲ ರಾಜನ ಎದುರೇ, ರಾಜನ ಅನುಮತಿಯಿಂದಲೇ ಹೇಳಿದ ಮಾತು ಅಂತ ಅವನು ವಾದಿಸಿದ. ರಾಜ, ಪುಸ್ತಕ ಸುಡೋಣ, ಎರಡು ವರ್ಷ ಗಡಿಪಾರು ಮಾಡೋಣ ಅಂದ. ದೂರು ಕೊಟ್ಟವರಿಗೆ ಅದೂ ಸಾಲಲಿಲ್ಲ. ಕೊನೆಗೆ, ಎಪ್ಪತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನು ಬಿಟ್ಟು ರಂಬಾನ್ ಹಡಗು ಹತ್ತಿದ.

1267ರಲ್ಲಿ ಜೆರುಸಲೇಮ್ ತಲುಪಿದಾಗ ಊರು ಹಾಳುಬಿದ್ದಿತ್ತು. ಏಳು ವರ್ಷ ಹಿಂದೆ ಮಂಗೋಲರು ಆ ಕಡೆ ನುಗ್ಗಿ ಬಂದಾಗ ಅಲ್ಲಿನ ಯಹೂದಿಗಳು ಓಡಿಹೋಗಿದ್ದರು. ಮಗನಿಗೆ ಬರೆದ ಪತ್ರದಲ್ಲಿ, ಇಲ್ಲಿ ಉಳಿದಿರುವ ಯಹೂದಿಗಳು ಬಟ್ಟೆಗೆ ಬಣ್ಣ ಹಾಕುವ ಅಣ್ಣತಮ್ಮ ಇಬ್ಬರೇ, ಶನಿವಾರ ಪ್ರಾರ್ಥನೆಗೆ ಹತ್ತು ಜನ ಸೇರುವುದು ಅವರ ಮನೆಯಲ್ಲೇ ಅಂತ ತಿಳಿಸಿದ. ಅಮೃತಶಿಲೆಯ ಕಂಬಗಳಿದ್ದ ಒಂದು ಪಾಳುಮನೆ ಹುಡುಕಿ ಸಿನಗಾಗ್ ಮಾಡಿದರು. ಮಂಗೋಲರ ಭಯಕ್ಕೆ ಶೆಕೆಮ್ ಊರಿಗೆ ಸಾಗಿಸಿದ್ದ ಟೋರಾ ಸುರುಳಿಗಳನ್ನು ವಾಪಸ್ ತರೋಕೆ ಜನ ಕಳಿಸಿದರು.