ಹೆಬ್ಬೆಟ್ಟು ಒತ್ತಿದ ಮೇಲಿನ ಶಿಸ್ತು

ಮುಂಬಯಿಯ ಕನ್ನಡ ಶಾಲೆಗಳ ಶಿಕ್ಷಕರಿಗೆ ತಮ್ಮ ಕೆಲಸವನ್ನು ತಾವೇ ಗಮನಿಸಿಕೊಳ್ಳುವ ತರಬೇತಿ ಬೇಕು ಎಂದರೆ ಥಟ್ಟನೆ ಬರುವ ಮಾತು, ‘ಶಿಸ್ತಿಗೆ ಬಯೋಮೆಟ್ರಿಕ್ ಇದೆ, ತಪ್ಪಿದವರಿಗೆ ನೋಟಿಸ್ ಇದೆ’ ಎಂಬುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಸಮಯಪಾಲನೆಯನ್ನು ಶಿಕ್ಷಕರ ಕರ್ತವ್ಯವೆಂದು ವಿಧಿಸಿದೆ, ನಿಜ. ಪ್ರತಿ ಮಗುವಿನ ಕಲಿಕೆಯ ಮಟ್ಟ ಅರಿತು ಅಗತ್ಯವಿದ್ದರೆ ಹೆಚ್ಚುವರಿ ಪಾಠ ಹೇಳಬೇಕೆಂದೂ ಅದೇ ಕಲಂ ಹೇಳುತ್ತದೆ. ಅದನ್ನು ಯಾವ ಯಂತ್ರ ದಾಖಲಿಸೀತು? ಮನೆಯಲ್ಲಿ ತುಳು, ಚಾಳಿನಲ್ಲಿ ಮರಾಠಿ, ರಸ್ತೆಯಲ್ಲಿ ಹಿಂದಿ ಆಡುವ ಮಗು ಕನ್ನಡ ಓದುತ್ತ ತಡವರಿಸಿದಾಗ ಟೀಚರ್ ಕಾಯುತ್ತಾರೋ, ಮುಂದಿನ ಬೆಂಚಿನ ಜಾಣನತ್ತ ತಿರುಗುತ್ತಾರೋ? ಎಷ್ಟೋ ಸಲ ಅದು ಅವರ ಅರಿವಿಗೇ ಬಂದಿರುವುದಿಲ್ಲ. ತರಗತಿಯ ಹಿಂದೆ ಕೂತು ನೋಡಿದ ಇನ್ನೊಬ್ಬ ಶಿಕ್ಷಕರು ‘ಇವತ್ತು ಯಾರ್‍ಯಾರನ್ನು ಕೇಳಿದಿರಿ?’ ಎಂದಷ್ಟೇ ವಿಚಾರಿಸಿದರೂ ಸಾಕು, ಯೋಚನೆ ಶುರುವಾಗುತ್ತದೆ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಈ ಶಿಕ್ಷಕರು ವಿರಾರ್, ಕಲ್ಯಾಣದ ಕಡೆಯಿಂದ ಲೋಕಲ್‌ನಲ್ಲಿ ಜಗ್ಗಾಡಿ ಬರುವವರು, ಚುನಾವಣೆ-ಜನಗಣತಿಯ ಕೆಲಸಕ್ಕೂ ಓಡುವವರು. ವ್ಯವಸ್ಥೆಯ ತಪ್ಪನ್ನು ಇವರ ತಲೆಗೆ ಕಟ್ಟುತ್ತೀರಾ ಎಂದು ಕೇಳುತ್ತಾರೆ. ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದೆನ್ನುವ ಅದೇ ಕಾಯ್ದೆಯ 27ನೇ ಕಲಂ ಚುನಾವಣೆ, ಜನಗಣತಿಗೂ ವಿಪತ್ತು ಪರಿಹಾರಕ್ಕೂ ವಿನಾಯಿತಿ ಕೊಟ್ಟಿದೆ. ಆ ಹೊರೆ ತಗ್ಗಿಸಲು ಶಿಕ್ಷಕರ ಸಂಘಗಳು ಹೋರಾಡಲಿ, ನಾನೂ ಜೊತೆಗಿದ್ದೇನೆ. ಆದರೆ ಆ ದಣಿವು ಕೊನೆಗೆ ಗದರಿಕೆಯಾಗಿ ಬೀಳುವುದು ಮಗುವಿನ ಮೇಲೆ. ಯಾವ ಪೀರಿಯಡ್‌ನಲ್ಲಿ ತನ್ನ ತಾಳ್ಮೆ ತಪ್ಪುತ್ತದೆಂದು ತಿಂಗಳುಗಟ್ಟಲೆ ಬರೆದಿಟ್ಟ ಶಿಕ್ಷಕಿ ವೇಳಾಪಟ್ಟಿ ಬದಲಿಸಿ ಎಂದು ಆಧಾರಸಹಿತ ಕೇಳಬಲ್ಲರು. ಈ ತರಬೇತಿಗೆ ಪ್ರತ್ಯೇಕ ವೇಳೆಯೂ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆಯನ್ನು ಬಯಸುತ್ತದೆ. ಸಭಾಂಗಣದ ಭಾಷಣಗಳಿಂದ ಒಂದಿಷ್ಟು ಗಂಟೆ ಕಿತ್ತು ಇದಕ್ಕೆ ಕೊಡಲಿ.

‘ಮಕ್ಕಳೇ ಇಲ್ಲದ ಕನ್ನಡ ಶಾಲೆಗೆ ಇದೆಲ್ಲ ಏಕೆ?’ ಎನ್ನುವವರಿಗೆ ಒಂದೇ ಉತ್ತರ: ಉಳಿದಿರುವ ಮಕ್ಕಳಿಗಾಗಿ.

ಇನ್ನೊಬ್ಬರು ತರಗತಿಯಲ್ಲಿ ಕೂತು ನೋಡುವುದು ಗೂಢಚಾರಿಕೆಯಾದೀತೆಂಬ ಭಯ ಮಾತ್ರ ಸುಳ್ಳಲ್ಲ. ತರಗತಿಯಲ್ಲಿ ಕೂತವರ ಟಿಪ್ಪಣಿ ಮುಖ್ಯೋಪಾಧ್ಯಾಯರ ಮೇಜಿಗೆ, ಅಲ್ಲಿಂದ ಗೋಪ್ಯ ವರದಿಗೆ ಹೋಗುವುದಾದರೆ ಯಾವ ಶಿಕ್ಷಕರೂ ಮನಸ್ಸು ಬಿಚ್ಚುವುದಿಲ್ಲ. ಬಡ್ತಿ, ವರ್ಗಾವಣೆಯ ಅಧಿಕಾರವಿಲ್ಲದವರೇ ಮಾರ್ಗದರ್ಶಕರಾಗಬೇಕು. ಟಿಪ್ಪಣಿ ಪುಸ್ತಕ ಶಿಕ್ಷಕರ ಕೈಯಲ್ಲೇ ಉಳಿಯಬೇಕು. ಪಾಲಿಕೆಯಾಗಲಿ, ಶಾಲೆ ನಡೆಸುವ ನಮ್ಮ ಕನ್ನಡ ಸಂಸ್ಥೆಗಳಾಗಲಿ ಇಷ್ಟನ್ನು ಬರಹದಲ್ಲಿ ಕೊಡದೆ ತರಬೇತಿ ಆರಂಭಿಸಿದರೆ, ವಿರೋಧಿಸುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.