ಸೇತುವೆಯಾಚೆಯ ಗದ್ದೆ

ಕೊಚ್ಚಿಯ ವೈಪಿನ್ ದ್ವೀಪವು ಅರಬ್ಬೀ ಸಮುದ್ರ ಹಾಗೂ ಹಿನ್ನೀರುಗಳ ನಡುವಿನ ಕಿರಿದಾದ ಭೂಪಟ್ಟಿ. 2004ರಲ್ಲಿ ಗೋಶ್ರೀ ಸೇತುವೆಗಳು ತೆರೆಯುವವರೆಗೆ ಎರ್ನಾಕುಲಂ ತಲುಪಲು ಇಲ್ಲಿನವರಿಗೆ ದೋಣಿಯೇ ಮುಖ್ಯ ಆಸರೆಯಾಗಿತ್ತು. ಸೇತುವೆಯು ಜನರ ನ್ಯಾಯವಾದ ಬೇಡಿಕೆ. ಅದನ್ನು ದೂಷಿಸುವುದು ಸಲ್ಲದು. ಆದರೆ ಅದರ ಬೆನ್ನಿಗೆ ಬೆಳೆದ ಉಪನಗರಕ್ಕೆ ಪೊಕ್ಕಾಳಿ ಗದ್ದೆಗಳು ಬರಿಯ ನಿವೇಶನಗಳಾಗಿ ಕಾಣುತ್ತಿವೆ. ಮಳೆನೀರು ಉಪ್ಪನ್ನು ತೊಳೆದಾಗ ಭತ್ತ, ಉಪ್ಪು ಮರಳಿದಾಗ ಅದೇ ಗದ್ದೆಯಲ್ಲಿ ಸಿಗಡಿ. ಭತ್ತದ ಕೂಳೆಯೇ ಸಿಗಡಿಗೆ ಪೋಷಣೆ. ಇದು ಗ್ರಂಥಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಬಂದ ವಿದ್ಯೆ. ಕೇರಳದ 2008ರ ಗದ್ದೆ ಸಂರಕ್ಷಣಾ ಕಾಯಿದೆಯು ನೆಲವನ್ನು ಕಾಯಬಲ್ಲದು, ಬಿತ್ತುವ ಕೈಗಳನ್ನಲ್ಲ. ಶಿಲಾಶಾಸನ ಒಡೆದರೆ ಮರುಗುವ ವಿದ್ವತ್ತು ಈ ರೈತರ ನುಡಿಯನ್ನು, ಅವರು ಗದ್ದೆಯಲ್ಲಿರುವಾಗಲೇ, ದಾಖಲಿಸಬೇಕು. ಸರ್ಕಾರವು ಅವರ ಬೆಳೆಗೆ ತಕ್ಕ ಬೆಲೆ ಕೊಡಬೇಕು.